ಸಂಪಾದಕರ ಉತ್ತರ: ಎರಡು ಪ್ರಾಜೆಕ್ಟು, ಪ್ರಶ್ನೆ ಒಂದೇ ಇರ್ಲಿ

ಶಿವಮೊಗ್ಗದಿಂದ ಪತ್ರ ಬರೆದಿರೋ ತಂಗಿ, ಹೆಸರು ಹಾಕ್ಬೇಡಿ ಅಂದಿದ್ದೀರ, ಹಾಕಿಲ್ಲ. ಆದ್ರೆ ಇದೇ ಕಷ್ಟದಲ್ಲಿರೋ ಬೇರೆ ಮಕ್ಕಳಿಗೂ ಉಪಯೋಗ ಆಗ್ಲಿ ಅಂತ ಪತ್ರದ ವಿಷ್ಯ ಎರಡು ಮಾತಲ್ಲಿ ಹೇಳ್ಬಿಡ್ತೀನಿ. ಎಂ.ಎ. ಕೊನೇ ಸೆಮಿಸ್ಟರು, ಉಳಿದಿರೋದು ಮೂರು ತಿಂಗಳು, ಅಷ್ಟರಲ್ಲಿ ಅರವತ್ತು ಪುಟದ ಡೆಸರ್ಟೇಶನ್ ಒಂದು, ಹತ್ತು ನಿಮಿಷದ ಶಾರ್ಟ್ ಫಿಲ್ಮ್ ಒಂದು ಕೊಡ್ಬೇಕು. ಡೆಸರ್ಟೇಶನ್ ಟಾಪಿಕ್ಕು ‘ಕನ್ನಡ ಸಿನಿಮಾದಲ್ಲಿ ಮಹಿಳೆ, 1934ರಿಂದ ಇವತ್ತಿನವರೆಗೆ’. ಶಾರ್ಟ್ ಫಿಲ್ಮಿಗೆ ಒಂದು ಕೊಲೆ ತನಿಖೆ ಕಥೆ, 22 ಪುಟದ ಸ್ಕ್ರಿಪ್ಟು. ಗೈಡ್ ಹತ್ರ ಹೋದ್ರೆ ಚೆನ್ನಾಗಿದೆ ಮುಂದುವರಿಸಿ ಅಂತಾರೆ, ಅಷ್ಟೇ. ಒಂದನ್ನ ಹೆಂಗೋ ಮುಗಿಸಿ ಇನ್ನೊಂದಕ್ಕೆ ಪೂರ್ತಿ ಟೈಮ್ ಕೊಡ್ಲಾ ಅಂತ ಕೇಳಿದೀರ.

ಬೇಡ. ಎರಡನ್ನೂ ಒಂದೇ ಪ್ರಶ್ನೆಗೆ ಕಟ್ಟಿಹಾಕಿ, ಆಗ ಕೆಲ್ಸ ಅರ್ಧ ಆಗತ್ತೆ.

ಮೊದ್ಲು ಆ ಟಾಪಿಕ್ಕು. 1934 ಅಂದ್ರೆ ‘ಸತಿ ಸುಲೋಚನ’, ನಮ್ಮ ಮೊದಲ ಟಾಕಿ. ಅದರ ಪ್ರಿಂಟೇ ಉಳಿದಿಲ್ಲ. ಅಂದ್ರೆ ಮೊದಲನೇ ಅಧ್ಯಾಯಾನೇ ನೀವು ನೋಡದೇ ಇರೋ ಸಿನಿಮಾ ಬಗ್ಗೆ, ಬೇರೆಯವ್ರು ಬರೆದಿದ್ದನ್ನ ನೋಡ್ಕೊಂಡು ಬರೀಬೇಕಾಗತ್ತೆ, ಆಮೇಲೆ ಐವತ್ತರ ದಶಕ, ಅರವತ್ತರ ದಶಕ ಅಂತ ಒಂದೊಂದು ಸಿನಿಮಾಗೆ ಒಂದೊಂದು ಪ್ಯಾರಾ ಕಥೆ ಹೇಳ್ಕೊಂಡು ಹೋಗ್ತೀರಿ, ಅರವತ್ತು ಪುಟ ತುಂಬತ್ತೆ, ಆದ್ರೆ ಅದರಲ್ಲಿ ನಿಮ್ಮ ಕಣ್ಣಿಗೆ ಬಿದ್ದಿದ್ದು ಅಂತ ಒಂದು ಸಾಲೂ ಇರಲ್ಲ. ಕಥೆ ಹೇಳೋದು ಸಂಶೋಧನೆ ಅಲ್ಲ ತಂಗಿ. ಜೊತೆಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10 ದಾಟಿದ್ರೆ ಪ್ರಶ್ನೆ ಬರತ್ತೆ.

ಈಗ ನಿಮ್ಮ ಪತ್ರದ ಮೂರನೇ ಪುಟಕ್ಕೆ ಬರ್ತೀನಿ. ಕ್ಲಾಸಲ್ಲಿ ‘ಘಟಶ್ರಾದ್ಧ’ ತೋರ್ಸಿದ ದಿನ ರಾತ್ರಿ ನಿದ್ದೆ ಬರ್ಲಿಲ್ಲ, ನಮ್ಮಜ್ಜಿ ಮದುವೆ ಮನೇಲೆಲ್ಲ ಅಡುಗೆಮನೆ ಬಾಗಿಲ ಹತ್ರಾನೇ ಕೂರ್ತಾರೆ, ಮಂಟಪದ ಹತ್ರ ಬರಲ್ಲ, ಅದು ನೆನಪಾಯ್ತು ಅಂತ ಬರೆದು ತಕ್ಷಣ ಬೇರೆ ವಿಷ್ಯಕ್ಕೆ ಹೋಗಿದೀರ. ನಾನು ಆ ಸಾಲನ್ನ ನಾಲ್ಕು ಸಲ ಓದ್ದೆ. ನಿಮ್ಮ ಎರಡೂ ಪ್ರಾಜೆಕ್ಟು ಅಲ್ಲೇ ಇದೆ.

‘ಘಟಶ್ರಾದ್ಧ’ 1977ರದ್ದು, ಅನಂತಮೂರ್ತಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಮೊದಲ ಫೀಚರ್ ಫಿಲ್ಮು, ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ, ಸ್ವರ್ಣಕಮಲ ಬಂತು. 2024ರಲ್ಲಿ ಅದನ್ನ ರಿಸ್ಟೋರ್ ಮಾಡಿ ವೆನಿಸ್ ಉತ್ಸವದಲ್ಲಿ ತೋರ್ಸಿದ್ರು. ಅದರ ಪಕ್ಕದಲ್ಲಿ ‘ಫಣಿಯಮ್ಮ’ ಇಟ್ಕೊಳ್ಳಿ, 1983, ಎಂ.ಕೆ. ಇಂದಿರಾ ಅವರ ಕಾದಂಬರಿ, ಪ್ರೇಮಾ ಕಾರಂತರ ನಿರ್ದೇಶನ. ಎರಡೂ ಮಲೆನಾಡಿನ ಬ್ರಾಹ್ಮಣ ವಿಧವೆಯರ ಕಥೆ, ಎರಡರಲ್ಲೂ ತಲೆ ಬೋಳಿಸೋದು ಬರತ್ತೆ. ಇನ್ನೊಂದು ವಿಷ್ಯ ಗಮನಿಸಿ: ಅನಂತಮೂರ್ತಿ, ಇಂದಿರಾ, ಕಾಸರವಳ್ಳಿ ಮೂರೂ ಜನ ನಿಮ್ಮದೇ ಜಿಲ್ಲೆ ತೀರ್ಥಹಳ್ಳಿ ಸೀಮೆಯವ್ರು. ಬಸ್ ಹತ್ತಿದ್ರೆ ಆ ಊರು, ಆ ಮನೆ, ಆ ಜಗಲಿ ಕಣ್ಣಾರೆ ನೋಡ್ಬಹುದು, ದೂರದ ವಿದ್ಯಾರ್ಥಿಗೆ ಈ ಅನುಕೂಲ ಎಲ್ಲಿದೆ ಹೇಳಿ.

ಪ್ರಶ್ನೆ ಇಷ್ಟೇ ಇಟ್ಕೊಳ್ಳಿ: ವಿಧವೆಯನ್ನ ಈ ಎರಡು ಸಿನಿಮಾದಲ್ಲಿ ಯಾರು ನೋಡ್ತಿದಾರೆ? ‘ಘಟಶ್ರಾದ್ಧ’ದಲ್ಲಿ ವೇದ ಕಲಿಯೋಕೆ ಬಂದ ಸಣ್ಣ ಹುಡುಗ ನಾಣಿ ನೋಡ್ತಾನೆ. ಅವನಿಗೆ ಅರ್ಧ ಅರ್ಥ ಆಗತ್ತೆ, ಅರ್ಧ ಆಗಲ್ಲ, ಆ ವಿಧವೆ ಯಮುನಕ್ಕನ ಮೇಲೆ ಪ್ರೀತಿ ಮಾತ್ರ ಪೂರ್ತಿ. ‘ಫಣಿಯಮ್ಮ’ದಲ್ಲಿ ನೋಡೋ ಕಣ್ಣು ಯಾರ್ದು? ಉತ್ತರ ನಾನು ಹೇಳಲ್ಲ, ಅದು ನಿಮ್ಮ ಕೆಲ್ಸ.

ಹೇಗೆ ನೋಡ್ಬೇಕು ಅಂದ್ರೆ, ಇಡೀ ಸಿನಿಮಾ ಬೇಡ, ಒಂದೊಂದರಲ್ಲಿ ಎರಡೆರಡು ದೃಶ್ಯ ಸಾಕು. ತಲೆ ಬೋಳಿಸಿದ ಯಮುನಕ್ಕ ಮರದ ಕೆಳಗೆ ಕೂತಿರೋ ಆ ಕೊನೇ ಭಾಗ ತಗೊಳ್ಳಿ. ಮೊದಲು ನಿಲ್ಲಿಸದೆ ನೋಡಿ. ಆಮೇಲೆ ಸೌಂಡ್ ಪೂರ್ತಿ ಮ್ಯೂಟ್ ಮಾಡಿ ನೋಡಿ, ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ. ನಾಲ್ಕನೇ ಸಲ ಗೆರೆ ನೋಟ್‌ಬುಕ್ಕು ತೆಗೆದು ಒಂದೊಂದು ಶಾಟಿಗೂ ಒಂದೊಂದು ಸಾಲು ಬರೀರಿ, ಎಷ್ಟು ಸೆಕೆಂಡು, ಕ್ಯಾಮೆರಾ ಯಾರ ಎತ್ತರದಲ್ಲಿದೆ, ಫ್ರೇಮಲ್ಲಿ ಯಾರಿದಾರೆ, ಯಾರಿಲ್ಲ, ಏನು ಸದ್ದು. ಒಂದು ದೃಶ್ಯಕ್ಕೆ ಒಂದು ಸಂಜೆ ಪೂರ್ತಿ ಹೋಗತ್ತೆ, ಹೋಗ್ಲಿ. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣ ಅದು, ನಿಧಾನಕ್ಕೆ ನೋಡಿದಷ್ಟೂ ಕೊಡತ್ತೆ. ಕಥೆ ಮತ್ತು ಕಾದಂಬರಿಯಲ್ಲಿ ಅದೇ ಜಾಗ ಹೇಗಿದೆ ಅಂತ ಪಕ್ಕದ ಪುಟದಲ್ಲಿ ಬರ್ಕೊಳ್ಳಿ. ಆ ನೋಟ್‌ಬುಕ್ಕೇ ನಿಮ್ಮ ಡೆಸರ್ಟೇಶನ್ನಿನ ಹೊಟ್ಟೆ, ಅರವತ್ತು ಪುಟ ಹೇಗೆ ತುಂಬಲಿ ಅನ್ನೋ ಭಯ ಹೋಗಿ ಯಾವುದನ್ನ ಬಿಡ್ಲಿ ಅನ್ನೋ ಚಿಂತೆ ಶುರುವಾಗತ್ತೆ.

ಇನ್ನು ಶಾರ್ಟ್ ಫಿಲ್ಮು. ಸ್ಕ್ರಿಪ್ಟಿನ ಒಂದು ಪುಟ ಅಂದ್ರೆ ತೆರೆ ಮೇಲೆ ಹೆಚ್ಚುಕಮ್ಮಿ ಒಂದು ನಿಮಿಷ. 22 ಪುಟ ಹತ್ತು ನಿಮಿಷಕ್ಕೆ ಇಳಿಯಲ್ಲ, ಕೊಲೆ ತನಿಖೆಗೆ ಪೊಲೀಸ್ ಡ್ರೆಸ್ಸು, ಜೀಪು, ಸ್ಟೇಷನ್ನು, ದುಡ್ಡೆಲ್ಲಿಂದ ತರ್ತೀರಿ? ಅದನ್ನ ಎತ್ತಿಡಿ, ಮುಂದೆ ಯಾವತ್ತಾದ್ರೂ ಮಾಡಿ. ಈಗ ಒಂದು ಮದುವೆ ಮನೆ, ಒಂದು ಬಾಗಿಲು, ಒಬ್ಬ ಅಜ್ಜಿ, ಒಂದು ಏಳೆಂಟು ವರ್ಷದ ಮೊಮ್ಮಗು. ಮಂಟಪ ತೋರ್ಸೋದೇ ಬೇಡ, ವಾಲಗದ ಸದ್ದು ಒಳಗಿಂದ ಕೇಳಿದ್ರೆ ಸಾಕು. ಕ್ಯಾಮೆರಾ ಪೂರ್ತಿ ಆ ಮಗು ಎತ್ತರದಲ್ಲೇ ಇರ್ಲಿ, ದೊಡ್ಡವರ ಮುಖ ಕಾಣದೆ ಸೀರೆ ನೆರಿಗೆ, ಪಂಚೆ ಅಂಚು, ಬಡಿಸೋ ಬಕೆಟ್ಟು ಮಾತ್ರ ಓಡಾಡ್ಲಿ. ನಾಣಿ ಕಣ್ಣಿನ ಬಗ್ಗೆ ನೀವು ಬರೆಯೋದನ್ನ ಇಲ್ಲಿ ಮಾಡಿ ನೋಡ್ದಂಗೆ ಆಗತ್ತೆ, ಮಾಡೋವಾಗ ಹೊಳೆದಿದ್ದು ವಾಪಸ್ ಡೆಸರ್ಟೇಶನ್ನಿಗೆ ಹೋಗತ್ತೆ.

ಫೋನಲ್ಲೇ ಶೂಟ್ ಮಾಡಿ, ಚಿಂತೆ ಇಲ್ಲ. ಆದ್ರೆ ಸೌಂಡಿಗೆ ಮಾತ್ರ ಬೇರೆ ಮೈಕು ಬೇಕೇ ಬೇಕು. ನಾನು ಓದೋವಾಗ ನಮ್ಮೂರ ಟಾಕೀಸಿನ ಆಪರೇಟರ್ ಒಬ್ಬರನ್ನ ಮಾತಾಡಿಸಿ ರೆಕಾರ್ಡ್ ಮಾಡಿದ್ದೆ, ಪ್ರೊಜೆಕ್ಟರಿಗೆ ಬೆಳಕು ಕೊಡೋ ಎರಡು ಕಾರ್ಬನ್ ಕಡ್ಡಿ ಉರೀತಾ ಸವೀತಾ ಇದ್ದಂಗೆ ಅವುಗಳ ನಡುವಿನ ಅಂತರ ಹೇಗೆ ಕಾಯ್ಬೇಕು, ರೀಲು ಮುಗಿಯೋ ಹೊತ್ತಿಗೆ ತೆರೆಯ ಬಲಗಡೆ ಮೇಲ್ಮೂಲೇಲಿ ಬರೋ ಚುಕ್ಕೆ ನೋಡಿ ಇನ್ನೊಂದು ಮೆಷಿನ್ ಹೇಗೆ ಶುರು ಮಾಡ್ಬೇಕು ಅಂತ ಮುಕ್ಕಾಲು ಗಂಟೆ ಹೇಳಿದ್ರು. ಮೇಲೆ ಫ್ಯಾನ್ ತಿರುಗ್ತಿತ್ತು. ಮನೆಗೆ ಬಂದು ಕೇಳಿದ್ರೆ ಬರೀ ಫ್ಯಾನು. ಅವರ ಮಾತು ಒಂದೂ ಬಳಸೋಕೆ ಆಗ್ಲಿಲ್ಲ, ಇವತ್ತಿಗೂ ಹೊಟ್ಟೆ ಉರಿಯತ್ತೆ. ಹಾಗಾಗಿ ಫ್ಯಾನು, ಫ್ರಿಜ್ಜು ಆಫ್ ಮಾಡ್ಸಿ, ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಆ ಕೋಣೆ ಸದ್ದು ರೆಕಾರ್ಡ್ ಮಾಡ್ಕೊಳ್ಳಿ, ಎಡಿಟಿಂಗಲ್ಲಿ ಮಾತಿನ ನಡುವಿನ ಖಾಲಿ ಜಾಗ ಮುಚ್ಚೋಕೆ ಅದೇ ಬೇಕು. ಸಿನಿಮಾ ಹಾಡು ಹಾಕ್ಬೇಡಿ, ಮುಂದೆ ಎಲ್ಲಾದ್ರೂ ತೋರ್ಸೋವಾಗ ಹಕ್ಕಿನ ಸಮಸ್ಯೆ ಬರತ್ತೆ. ಶೂಟ್ ಮಾಡಿದ ದಿನಾನೇ ಎಲ್ಲಾ ಫೈಲು ಎರಡು ಕಡೆ ಕಾಪಿ ಮಾಡಿ. ಶೂಟಿಂಗ್ ಎರಡು ದಿನದಲ್ಲಿ ಮುಗಿಸಿ, ಎಡಿಟಿಂಗಿಗೆ ಮೂರು ವಾರ ಇಟ್ಕೊಳ್ಳಿ.

ಫಿಲ್ಮಿನ ಜೊತೆ ಯಾಕೆ ಹೀಗೆ ಮಾಡಿದೆ ಅಂತ ಐದು ಪುಟದ ಟಿಪ್ಪಣಿ ಕೊಡ್ಬೇಕು ಅಂದಿದ್ರಲ್ಲ, ಅದನ್ನ ಕೊನೇ ದಿನಕ್ಕೆ ಬಿಡ್ಬೇಡಿ, ಪ್ರತಿ ರಾತ್ರಿ ಅರ್ಧ ಪುಟ ಬರೀತಾ ಹೋಗಿ.

ಅಜ್ಜಿ ಪಾತ್ರ ಅಜ್ಜೀನೇ ಮಾಡ್ತಾರಾ ಕೇಳಿ ನೋಡಿ. ಬಲವಂತ ಬೇಡ. ಅಡುಗೆಮನೆ ಬಾಗಿಲ ಹತ್ರ ಯಾಕೆ ಕೂರ್ತೀರ ಅಂತ ನೀವು ಯಾವತ್ತೂ ಕೇಳಿಲ್ಲ ಅಂತ ಪತ್ರ ಓದಿದ್ರೆ ಅನ್ಸತ್ತೆ, ಮೊದ್ಲು ಕ್ಯಾಮೆರಾ ಇಲ್ದೆ ಪಕ್ಕದಲ್ಲಿ ಕೂತು ಕೇಳಿ. ಕಾಲೇಜಿಗೆ ಕೊಡೋಕೆ ಮುಂಚೆ ಅವರಿಗೇ ಮೊದಲು ತೋರ್ಸಿ, ಈ ಜಾಗ ಬೇಡ ಮಗಾ ಅಂದ್ರೆ ತೆಗೀರಿ. ಹೊಸ ಸ್ಕ್ರಿಪ್ಟು ಎಂಟು ಪುಟ ಮೀರದಂಗೆ ಬರೆದು ನನಗೂ ಒಂದು ಕಾಪಿ ಹಾಕಿ, ಓದಿ ಮಾರ್ಜಿನ್ನಲ್ಲಿ ಬರೆದು ಕಳಿಸ್ತೀನಿ.