ಹಳೆಯ 3×9 ಹಾರ್ಡ್‌ಟೇಲ್‌ಗೆ 12 ಸ್ಪೀಡ್ ಡಿರೇಲರ್ ಹಾಕಿದರೆ ಏನೇನು ಬದಲಿಸಬೇಕು?

ನಿಮ್ಮ ಸೈಕಲ್ಲಿನ ವಿವರ ಹೀಗಿದೆ: 29 ಇಂಚಿನ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಶನ್ ಇಲ್ಲದ ಮೌಂಟನ್ ಬೈಕ್), ಹಿಂದೆ 135 ಮಿಮೀ ಕ್ವಿಕ್ ರಿಲೀಸ್ ಹಬ್, ಅದರಲ್ಲಿ ಮಾಮೂಲಿ ಎಚ್‌ಜಿ ಫ್ರೀಹಬ್ (ಕ್ಯಾಸೆಟ್ ಕೂರುವ ಭಾಗ), ಮುಂದೆ 44-32-22 ಹಲ್ಲಿನ ಹಾಲೋಟೆಕ್ ಕ್ರ್ಯಾಂಕ್, ಹಿಂದೆ 11-34ರ ಒಂಬತ್ತು ಸ್ಪೀಡ್ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ). ಶಿಮಾನೊ ಎಕ್ಸ್‌ಟಿ ಎಂ8100 ಎಂಬ 12 ಸ್ಪೀಡಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಒಂದು ಸಿಕ್ಕಿದೆ. ಒಂಬತ್ತರ ಶಿಫ್ಟರನ್ನೇ ಉಳಿಸಿಕೊಂಡು, ಮುಂದೆ ಒಂದೇ ಚೈನ್‌ರಿಂಗ್ ಇಟ್ಟು, ಹಿಂದೆ ದೊಡ್ಡ ಕ್ಯಾಸೆಟ್ ಹಾಕಬಹುದೇ ಎಂದು ಕೇಳಿದ್ದೀರಿ.

ಆ ಶಿಫ್ಟರ್ ಜೊತೆ ಆಗುವುದಿಲ್ಲ. ಉಳಿದದ್ದೆಲ್ಲ ಆಗುತ್ತದೆ. ಚಕ್ರ ಬದಲಿಸಬೇಕಿಲ್ಲ, ಕ್ರ್ಯಾಂಕೂ ಉಳಿಯುತ್ತದೆ.

ಶಿಫ್ಟರ್ ಏಕೆ ಆಗದು ಅನ್ನುವುದನ್ನು ಮೊದಲು ನೋಡೋಣ, ಏಕೆಂದರೆ ಬಿಡಿಭಾಗ ಬೆರೆಸುವಾಗ ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಕ್ಲಿಕ್ಕಿಗೆ ಶಿಫ್ಟರ್ ಎಷ್ಟು ಕೇಬಲ್ ಎಳೆಯುತ್ತದೆ, ಆ ಎಳೆತಕ್ಕೆ ಡಿರೇಲರ್ ಎಷ್ಟು ಸರಿಯುತ್ತದೆ, ಕ್ಯಾಸೆಟ್ಟಿನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಎಷ್ಟು ಅಂತರವಿದೆ: ಈ ಮೂರೂ ತಾಳೆಯಾಗಬೇಕು. ಶಿಮಾನೊ ಒಂಬತ್ತರ ಶಿಫ್ಟರ್ ಒಂದು ಕ್ಲಿಕ್ಕಿಗೆ ಸುಮಾರು 2.5 ಮಿಮೀ ಎಳೆಯುತ್ತದೆ. ಹಳೆಯ ಡಿರೇಲರ್ ಅದನ್ನು 1.7 ಪಟ್ಟು ಮಾಡಿ ಹತ್ತಿರ ಹತ್ತಿರ 4.3 ಮಿಮೀ ಸರಿಯುತ್ತಿತ್ತು, ಅದು ಒಂಬತ್ತರ ಕ್ಯಾಸೆಟ್ಟಿನ ಅಂತರಕ್ಕೆ ಸರಿಹೊಂದುತ್ತಿತ್ತು. 11 ಮತ್ತು 12 ಸ್ಪೀಡಿನ ಮೌಂಟನ್ ಡಿರೇಲರ್‌ಗಳ ಪಟ್ಟು ಸುಮಾರು 1.1. ಅದೇ 2.5 ಮಿಮೀ ಎಳೆದರೆ ಅದು ಸರಿಯುವುದು 2.75 ಮಿಮೀ ಮಾತ್ರ. ಹನ್ನೊಂದರ ಕ್ಯಾಸೆಟ್ಟಿನಲ್ಲಿ ಅಂತರ 3.9 ಮಿಮೀ. ಮೊದಲ ಕ್ಲಿಕ್ಕಿಗೇ ಒಂದು ಮಿಲಿಮೀಟರಿಗೂ ಹೆಚ್ಚು ಕೊರತೆ ಬಿತ್ತು. ಕೇಬಲ್ ಎಷ್ಟು ಬಿಗಿ ಮಾಡಿದರೂ ಇದು ಸರಿಹೋಗುವ ವಿಷಯವಲ್ಲ.

ಹತ್ತು ಸ್ಪೀಡಿನ ಶಿಫ್ಟರ್ ಸಿಕ್ಕರೆ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ಕೊಳ್ಳಬೇಡಿ. ಅದು ಸುಮಾರು 3.4 ಮಿಮೀ ಎಳೆಯುತ್ತದೆ, 1.1 ಪಟ್ಟಿಗೆ 3.74 ಆಯಿತು; ಹತ್ತರ ಕ್ಯಾಸೆಟ್ಟಿನಲ್ಲಿ ಅಂತರ 3.95. ಒಂದು ಕ್ಲಿಕ್ಕಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಒಂಬತ್ತು ಕ್ಲಿಕ್ ಮುಗಿಯುವಷ್ಟರಲ್ಲಿ ಅದು ಸೇರಿ ಸೇರಿ 2 ಮಿಮೀ ಹತ್ತಿರ ಆಗುತ್ತದೆ, ಅಂದರೆ ಅರ್ಧ ಹಲ್ಲುಚಕ್ರದಷ್ಟು. ಸ್ಟ್ಯಾಂಡಿನ ಮೇಲೆ ನಾಲ್ಕು ಗೇರ್ ಚೆಂದವಾಗಿ ಬಿದ್ದು, ಏರಿನಲ್ಲಿ ತುಳಿಯುವಾಗ ಕಟಕಟ ಎನ್ನುವ ಸೈಕಲ್ಲುಗಳಲ್ಲಿ ಇಂಥ ಜೋಡಿಯೇ ಇರುವುದು ಹೆಚ್ಚು.

ಇನ್ನು ಕ್ಯಾಸೆಟ್. ಡಿರೇಲರ್ ಮೇಲೆ ಹನ್ನೆರಡು ಎಂದಿದೆ ಅಂತ ಹನ್ನೆರಡರ ಕ್ಯಾಸೆಟ್ಟೇ ಹಾಕಬೇಕೆಂದಿಲ್ಲ. ಎಷ್ಟು ಸ್ಪೀಡ್ ಅನ್ನುವುದನ್ನು ನಿರ್ಧರಿಸುವುದು ಶಿಫ್ಟರ್, ಡಿರೇಲರ್ ಅಲ್ಲ. ಹಾಗಾಗಿ ಮೊದಲು ನೋಡಬೇಕಾದದ್ದು ನಿಮ್ಮ ಫ್ರೀಹಬ್. ಎಚ್‌ಜಿ ಫ್ರೀಹಬ್ ಮೇಲೆ ಕೂರುವ ಅತಿ ಚಿಕ್ಕ ಚಕ್ರ 11 ಹಲ್ಲಿನದು. ಶಿಮಾನೊದ 10-51 ಕ್ಯಾಸೆಟ್‌ಗೆ ಮೈಕ್ರೊ ಸ್ಪ್ಲೈನ್ ಎಂಬ ಬೇರೆ ಬಗೆಯ ಫ್ರೀಹಬ್ ಬೇಕು, ಸ್ರ್ಯಾಮ್‌ನ 10-50, 10-52ಕ್ಕೆ ಎಕ್ಸ್‌ಡಿ ಎಂಬ ಬಗೆಯದು ಬೇಕು. ನಿಮ್ಮ ಹಬ್ ಶಿಮಾನೊದ ಕಪ್-ಕೋನ್ ಬಗೆಯದಾದರೆ ಅದಕ್ಕೆ ಈ ಎರಡೂ ಕೂರುವುದಿಲ್ಲ.

ನನ್ನ ಆಯ್ಕೆ ಡಿಯೋರ್ ಎಂ5100 ಹನ್ನೊಂದು ಸ್ಪೀಡ್ ಕ್ಯಾಸೆಟ್, 11-51. ಅದು ನಿಮ್ಮ ಎಚ್‌ಜಿ ಫ್ರೀಹಬ್ ಮೇಲೆ ಯಾವ ಸ್ಪೇಸರೂ ಇಲ್ಲದೆ ನೇರವಾಗಿ ಕೂರುತ್ತದೆ. ಜೊತೆಗೆ ಎಂ5100 ಬಲಗೈ ಶಿಫ್ಟರ್ ಮತ್ತು ಹನ್ನೊಂದರ ಚೈನ್. 11ರ ಶಿಫ್ಟರ್‌ಗೆ 12ರ ಡಿರೇಲರ್ ಎಂಬ ಜೋಡಿ ಶಿಮಾನೊದ ಅಧಿಕೃತ ಪಟ್ಟಿಯಲ್ಲಿ ಇಲ್ಲ, ಆದರೆ ಎಳೆತದ ಪಟ್ಟು ಒಂದೇ ಆದ್ದರಿಂದ ಚೆನ್ನಾಗಿ ನಡೆಯುತ್ತದೆ. ಕೊಳ್ಳುವ ಮೊದಲು ಡಿರೇಲರ್ ಪಂಜರದ ಉದ್ದ ಮಾತ್ರ ನೋಡಿ: ಎಸ್‌ಜಿಎಸ್ (ಉದ್ದ ಪಂಜರ) ಎಂದಿರಬೇಕು. ಜಿಎಸ್ (ಮಧ್ಯಮ ಪಂಜರ) ಆದರೆ 45 ಹಲ್ಲಿಗೇ ಮುಗಿಯಿತು, 51 ಅದಕ್ಕೆ ಹತ್ತುವುದಿಲ್ಲ.

ಹನ್ನೆರಡೇ ಬೇಕೆಂದರೆ ಸ್ರ್ಯಾಮ್ ಎನ್‌ಎಕ್ಸ್ ಈಗಲ್‌ನ 11-50 ಕ್ಯಾಸೆಟ್ ಕೂಡ ಎಚ್‌ಜಿ ಮೇಲೆ ಕೂರುತ್ತದೆ, ಶಿಮಾನೊ 12ರ ಶಿಫ್ಟರ್ ಜೊತೆ ನಡೆಯುತ್ತದೆ. ಆದರೆ ಶಿಮಾನೊ 12ರ ಕ್ಯಾಸೆಟ್ಟುಗಳ ಹೈಪರ್‌ಗ್ಲೈಡ್ ಪ್ಲಸ್ ಹಲ್ಲುವಿನ್ಯಾಸದ ನುಣುಪು ಅದರಲ್ಲಿ ಇರುವುದಿಲ್ಲ, ತೂಕವೂ ಹೆಚ್ಚು. ಹನ್ನೊಂದರಲ್ಲಿ ನೀವು ಕಳೆದುಕೊಳ್ಳುವುದು ಇಷ್ಟೇ: 12ರಲ್ಲಿ 10-12-14-16-18 ಎಂದು ಹತ್ತಿರ ಹತ್ತಿರ ಇರುವ ಜಾಗದಲ್ಲಿ ನಿಮಗೆ 11-13-15-18 ಸಿಗುತ್ತದೆ. 18ರಿಂದ ಮೇಲೆ 51ರವರೆಗೆ ಎರಡೂ ಒಂದೇ. ಕಾಡುದಾರಿಯಲ್ಲಿ ಏರುವವರಿಗೆ ಬೇಕಾಗುವುದು ಆ ಮೇಲಿನ ಭಾಗವೇ.

ಲಿಂಕ್‌ಗ್ಲೈಡ್ (ಶಿಮಾನೊದ ಇನ್ನೊಂದು ಬಳಗ) ಎಂದು ಬರೆದ ಹನ್ನೊಂದರ ಕ್ಯಾಸೆಟ್ಟೂ ಎಚ್‌ಜಿ ಮೇಲೆ ಕೂರುತ್ತದೆ. ಅಷ್ಟಕ್ಕೇ ಮೋಸಹೋಗಬೇಡಿ. ಅದರ ಶಿಫ್ಟರ್, ಡಿರೇಲರ್, ಕ್ಯಾಸೆಟ್ ಮೂರೂ ಅದೇ ಬಳಗದವು ಇರಬೇಕು, ನಿಮ್ಮ ಎಂ8100 ಅದರಲ್ಲಿ ಸೇರುವುದಿಲ್ಲ. ಸ್ರ್ಯಾಮ್ ಶಿಫ್ಟರ್‌ಗೂ ಶಿಮಾನೊ ಡಿರೇಲರ್‌ಗೂ ಅಷ್ಟೇ, ಒಂದಕ್ಕೊಂದು ಆಗದು.

ಕ್ರ್ಯಾಂಕ್ ವಿಷಯ. ಪಕ್ಕಪಕ್ಕದ ಎರಡು ಚೈನ್‌ರಿಂಗ್ ಬೋಲ್ಟ್‌ಗಳ ಮಧ್ಯದಿಂದ ಮಧ್ಯಕ್ಕೆ ಅಳೆಯಿರಿ. ನಾಲ್ಕು ಬೋಲ್ಟಿನ ಕ್ರ್ಯಾಂಕಿನಲ್ಲಿ ಸುಮಾರು 73.5 ಮಿಮೀ ಬಂದರೆ ಅದು 104 ಬಿಸಿಡಿ, ಅಂದರೆ ಬೋಲ್ಟ್‌ಗಳ ಮೂಲಕ ಹಾಯುವ ವೃತ್ತದ ವ್ಯಾಸ 104 ಮಿಮೀ. ಮೂರೂ ರಿಂಗ್ ತೆಗೆದು, ಮಧ್ಯದ ರಿಂಗ್ ಇದ್ದ ಜಾಗದಲ್ಲಿ, ಅಂದರೆ ರಿಂಗ್ ಹಿಡಿಯುವ ಕ್ರ್ಯಾಂಕಿನ ನಾಲ್ಕು ಚಾಚುಗಳ ಒಳಬದಿಗೆ, 32 ಹಲ್ಲಿನ ನ್ಯಾರೋ-ವೈಡ್ ರಿಂಗ್ (ಒಂದು ಹಲ್ಲು ಕಿರಿದು, ಒಂದು ಅಗಲ) ಕೂರಿಸಿ. ಹಳೆಯ ಬೋಲ್ಟ್‌ಗಳು ಎರಡು ರಿಂಗಿನ ದಪ್ಪಕ್ಕೆ ಮಾಡಿದವು. ಅವನ್ನೇ ಹಾಕಿದರೆ ಕೊನೆತನಕ ಬಿಗಿದಂತೆ ಅನ್ನಿಸುತ್ತದೆ, ರಿಂಗ್ ಮಾತ್ರ ಅಲುಗುತ್ತಲೇ ಇರುತ್ತದೆ. ಒಂದೇ ರಿಂಗ್‌ಗೆ ಬರುವ ಗಿಡ್ಡ ಬೋಲ್ಟ್ ನಾಲ್ಕು ತನ್ನಿ. 30 ಹಲ್ಲು ಬೇಕಾದರೆ 104ರಲ್ಲಿ ಅದಕ್ಕೆಂದೇ ಮಾಡಿದ ರಿಂಗ್ ಹುಡುಕಬೇಕು. ಅದರ ಹಲ್ಲುಗಳು ಬೋಲ್ಟ್ ತೂತುಗಳಿಗೆ ತೀರ ಹತ್ತಿರ ಬರುತ್ತವೆ.

ಮಧ್ಯದ ಆ ಜಾಗ ಚೈನ್‌ಲೈನ್ (ಸೈಕಲ್ಲಿನ ನಡುಗೆರೆಯಿಂದ ರಿಂಗಿಗೆ ಇರುವ ದೂರ) ದೃಷ್ಟಿಯಿಂದಲೂ ಒಳ್ಳೆಯದು, ಸುಮಾರು 50 ಮಿಮೀ ಬರುತ್ತದೆ. ಮುಂದೆ ಎಂದಾದರೂ ಡೈರೆಕ್ಟ್ ಮೌಂಟ್ ಕ್ರ್ಯಾಂಕ್ (ರಿಂಗ್ ನೇರವಾಗಿ ತೋಳಿಗೇ ಕೂರುವುದು) ಕೊಂಡರೆ ಬೂಸ್ಟ್ ರಿಂಗ್ ತರಬೇಡಿ. ಅದು 52 ಮಿಮೀ, 148ರ ಹಬ್‌ಗೆ ಮಾಡಿದ್ದು. ನಿಮ್ಮ 135ರ ಹಬ್ ಜೊತೆ ಅದನ್ನಿಟ್ಟರೆ 51ರ ಮೇಲಿರುವಾಗ ಪೆಡಲ್ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೂ ಚೈನ್ ಕೆಳಗಿನ ಚಕ್ರಕ್ಕೆ ಬೀಳಬಹುದು.

ಗೇರಿನ ಲೆಕ್ಕ: ಹಿಂದೆ ನಿಮ್ಮ ಅತಿ ಹಗುರ ಗೇರ್ 22ಕ್ಕೆ 34, ಅಂದರೆ 0.65. ಈಗ 32ಕ್ಕೆ 51, ಅಂದರೆ 0.63. ಏರಿನಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ವೇಗದಲ್ಲಿ ಕಳೆದುಕೊಳ್ಳುತ್ತೀರಿ. ನಿಮಿಷಕ್ಕೆ 90 ಸುತ್ತು ತುಳಿದರೆ 44-11ರಲ್ಲಿ ಗಂಟೆಗೆ ಸುಮಾರು 50 ಕಿಮೀ ಬರುತ್ತಿತ್ತು, 32-11ರಲ್ಲಿ 36. ಟಾರು ರಸ್ತೆಯಲ್ಲೇ ಹೆಚ್ಚು ಓಡಿಸುವವರಾದರೆ ಇದನ್ನು ಮೊದಲೇ ಯೋಚಿಸಿ, 34 ಹಲ್ಲಿನ ರಿಂಗ್ ನೋಡಿ.

ಜೋಡಿಸುವ ಮೊದಲು ಹ್ಯಾಂಗರ್ (ಡಿರೇಲರ್ ತೂಗುವ ಫ್ರೇಮಿನ ಕೊಂಡಿ) ನೇರ ಇದೆಯೇ ಎಂದು ಗೇಜ್ ಹಾಕಿ ನೋಡಿಸಿ. ಒಂಬತ್ತರಲ್ಲಿ ಗೊತ್ತೇ ಆಗದ ಸೊಟ್ಟ 51ರ ಚಕ್ರದ ಬಳಿ ಎದ್ದು ಕಾಣುತ್ತದೆ. ಕ್ಯಾಸೆಟ್ ಲಾಕ್‌ರಿಂಗ್ 40 ನ್ಯೂಟನ್ ಮೀಟರ್, ಡಿರೇಲರ್ ಬೋಲ್ಟ್ 8ರಿಂದ 10. ಕೇಬಲ್ ಮತ್ತು ಹೌಸಿಂಗ್ ಎರಡೂ ಹೊಸದು ಹಾಕಿ, ಶಿಫ್ಟ್ ಹೌಸಿಂಗ್ ಆಗಿರಬೇಕು, ಬ್ರೇಕಿನದಲ್ಲ.

ಚೈನ್ ಉದ್ದಕ್ಕೆ ಹಾರ್ಡ್‌ಟೇಲ್‌ನಲ್ಲಿ ಲೆಕ್ಕ ಸುಲಭ. ಚೈನ್‌ಸ್ಟೇ ಉದ್ದವನ್ನು (ಕ್ರ್ಯಾಂಕಿನ ನಡುವಿನಿಂದ ಹಿಂಚಕ್ರದ ನಡುವಿನವರೆಗೆ) ಇಂಚಿನಲ್ಲಿ ಅಳೆದು ಎರಡರಿಂದ ಗುಣಿಸಿ, ಮುಂದಿನ ರಿಂಗ್ ಮತ್ತು ಹಿಂದಿನ ಅತಿ ದೊಡ್ಡ ಚಕ್ರ ಎರಡರ ಹಲ್ಲಿನ ಕಾಲುಭಾಗ ಕೂಡಿಸಿ, ಮೇಲೆ ಒಂದು ಇಂಚು ಸೇರಿಸಿ. 435 ಮಿಮೀ ಇದ್ದರೆ 34.25, 8, 12.75, 1, ಒಟ್ಟು 56 ಇಂಚು. ಇಂಚಿಗೆ ಎರಡು ಕೊಂಡಿಯಂತೆ 112. ಕತ್ತರಿಸುವ ಮೊದಲು ಡಿರೇಲರ್ ಒಳಗೆ ಹಾಯಿಸದೆ, ಎರಡೂ ದೊಡ್ಡ ಚಕ್ರಗಳ ಮೇಲೆ ಸುತ್ತಿ, ಎರಡು ಕೊಂಡಿ ಹೆಚ್ಚು ಬಿಟ್ಟು ತಾಳೆ ನೋಡಿ. ಮುಂದಿನ ರಿಂಗಿನ ಅಗಲ ಹಲ್ಲು ಚೈನಿನ ಹೊರಪಟ್ಟಿಯ ಜಾಗದಲ್ಲೇ ಬೀಳಬೇಕು. ಒಂದು ಹಲ್ಲು ತಪ್ಪಿದರೆ ಚೈನ್ ರಿಂಗಿನ ಮೇಲೆ ಎತ್ತರಕ್ಕೆ ಕೂತಿರುವುದು ಕಣ್ಣಿಗೇ ಕಾಣುತ್ತದೆ.

ಕೊನೆಗೆ ಬಿ-ಸ್ಕ್ರೂ, ಅಂದರೆ ಡಿರೇಲರ್‌ನ ಮೇಲಿನ ಪುಟ್ಟ ಚಕ್ರಕ್ಕೂ ಕ್ಯಾಸೆಟ್ಟಿಗೂ ನಡುವಿನ ಅಂತರ ಹೊಂದಿಸುವ ಸ್ಕ್ರೂ. ಚೈನನ್ನು 51ಕ್ಕೆ ಏರಿಸಿ, ಡಿರೇಲರ್ ಹಿಂದಿನಿಂದ ಬಗ್ಗಿ ನೋಡಿ. ಪಂಜರದ ಒಳತಟ್ಟೆಯ ಮೇಲೆ ಒಂದು ಗೆರೆ ಕೊರೆದಿರುತ್ತದೆ. 51ರ ಹಲ್ಲಿನ ತುದಿ ಆ ಗೆರೆಗೆ ಸರಿಯಾಗಿ ಬರುವಂತೆ ಸ್ಕ್ರೂ ತಿರುಗಿಸಿ. ಮೇಲಿನ ಪುಟ್ಟ ಚಕ್ರ ತೀರ ಹತ್ತಿರವಿದ್ದರೆ 51ಕ್ಕೆ ಏರುವಾಗ ಗರಗರ ಉಜ್ಜುತ್ತದೆ. ತೀರ ದೂರವಿದ್ದರೆ ಚಿಕ್ಕ ಚಕ್ರಗಳಲ್ಲಿ ಗೇರ್ ತಡವಾಗಿ ಬೀಳುತ್ತದೆ, ಆಗ ಜನ ಕೇಬಲ್ ತಪ್ಪೆಂದು ಅದನ್ನೇ ತಿರುವುತ್ತಾ ಕೂರುತ್ತಾರೆ. ಈ ಗೆರೆ ಸರಿಹೊಂದಿದ ಮೇಲೆಯೇ ಕೇಬಲ್ ಬಿಗಿತಕ್ಕೆ ಕೈಹಾಕಿ.