ಕೋಟ್ಸೋ, ಇಟಾಲಿಕ್ಸೋ?

ಪ್ರಶ್ನೆ: ಇಂಗ್ಲಿಷಿನಲ್ಲಿ ಒಂದು ಪುಸ್ತಕ ವಿಮರ್ಶೆ ಬರೆದಿದ್ದೇನೆ. ವಾಕ್ಯದ ನಡುವೆ ಪುಸ್ತಕದ ಹೆಸರು ಬಂದರೆ ಕೋಟ್ಸ್ ಹಾಕಬೇಕೇ, ಇಟಾಲಿಕ್ಸ್ (ಓರೆ ಅಕ್ಷರ) ಮಾಡಬೇಕೇ, ಅಡಿಗೆರೆ ಎಳೆಯಬೇಕೇ? ಒಂದೊಂದು ಪತ್ರಿಕೆಯಲ್ಲಿ ಒಂದೊಂದು ಥರ ಇದೆ. ಸದ್ಯಕ್ಕೆ ನನ್ನ ಲೇಖನದ ತಲೆಬರಹಕ್ಕೂ ಸೇರಿಸಿ ಎಲ್ಲದಕ್ಕೂ ಕೋಟ್ಸ್ ಹಾಕಿದ್ದೇನೆ.

ಉತ್ತರ: ಮೂರನ್ನೂ ಒಟ್ಟಿಗೆ ಹಾಕಿಲ್ಲವಲ್ಲ, ಅಷ್ಟರಮಟ್ಟಿಗೆ ಬಚಾವ್! ಪ್ರೂಫ್ ತಿದ್ದುವಾಗ ಅಂಥದ್ದನ್ನೂ ನೋಡಿದ್ದೇನೆ.

ತಾನೇ ಒಂದು ಪೂರ್ತಿ ಕೃತಿಯಾಗಿದ್ದರೆ ಇಟಾಲಿಕ್ಸ್: ಪುಸ್ತಕ, ಸಿನಿಮಾ, ಪತ್ರಿಕೆ. ಅದರ ಹೊಟ್ಟೆಯೊಳಗೆ ಇರುವುದಕ್ಕೆ ಕೋಟ್ಸ್: ಅಧ್ಯಾಯ, ಲೇಖನ, ಸಣ್ಣಕತೆ. ಕವನ ಸಂಕಲನ ಓರೆಯಾದರೆ, ಅದರೊಳಗಿನ ಕವನ ಕೋಟ್ಸಿನಲ್ಲಿ. ಬೈಬಲ್, ಕುರಾನ್‌ಗೆ ಎರಡೂ ಬೇಡ. ಅಡಿಗೆರೆ ಟೈಪ್‌ರೈಟರ್ ಕಾಲದ್ದು. ಆ ಯಂತ್ರಕ್ಕೆ ಓರೆ ಅಕ್ಷರ ಬರುತ್ತಿರಲಿಲ್ಲ. ಗೆರೆ ಎಳೆದಿದ್ದರೆ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವರು ಅಲ್ಲಿ ಇಟಾಲಿಕ್ಸ್ ಹಾಕುತ್ತಿದ್ದರು. ಕೈಬರಹದಲ್ಲಿ ಈಗಲೂ ಗೆರೆಯೇ ಸರಿ.

ನಿಮಗೆ ಗೊಂದಲವಾಗಿದ್ದು ಸಹಜ. ಬರವಣಿಗೆಯ ಶೈಲಿ ಹೇಳುವ ಶಿಕಾಗೋ ಕೈಪಿಡಿ, ಮಾಡರ್ನ್ ಲಾಂಗ್ವೇಜ್ ಅಸೋಸಿಯೇಷನ್ನಿನ (ಎಂಎಲ್‌ಎ) ಕೈಪಿಡಿ ಎರಡೂ ಪುಸ್ತಕಕ್ಕೆ ಇಟಾಲಿಕ್ಸ್ ಅನ್ನುತ್ತವೆ. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ಸಿನ ಶೈಲಿಯಲ್ಲಿ ಪುಸ್ತಕಕ್ಕೂ ಕೋಟ್ಸೇ. ಎಲ್ಲಿಗೆ ಕಳಿಸುತ್ತೀರೋ ಅವರ ಪದ್ಧತಿ ಹಿಡಿಯಿರಿ.

ಆದರೆ ಇದಕ್ಕಿಂತ ಜಾಸ್ತಿ ಕಾಡುವುದು ಕಾಮಾ. ನಾನೇ ಒಮ್ಮೆ ಬಿದ್ದಿದ್ದೇನೆ. ನಾಲ್ಕು ಕಾದಂಬರಿ ಬರೆದಿದ್ದ ಲೇಖಕಿಯೊಬ್ಬರ ಪರಿಚಯದಲ್ಲಿ 'ಹರ್ ನಾವೆಲ್' ಅಂತಿತ್ತು, ಮುಂದೆ ಪುಸ್ತಕದ ಹೆಸರು. ನೋಡೋಕೆ ಚೆನ್ನಾಗಿರುತ್ತೆ ಅಂತ ಹೆಸರಿನ ಹಿಂದೊಂದು ಮುಂದೊಂದು ಕಾಮಾ ಸೇರಿಸಿದೆ. ಅಚ್ಚಾದ ಮೇಲೆ ಅವರ ಫೋನ್ ಬಂತು: "ಉಳಿದ ಮೂರನ್ನು ಎಲ್ಲಿ ಬಿಟ್ಟಿರಿ?" ಅವರು ಹೇಳಿದ್ದು ಸರಿ. ಕಾಮಾಗಳ ನಡುವೆ ಹೆಸರು ಇಟ್ಟರೆ ಆಕೆ ಬರೆದಿದ್ದು ಅದೊಂದೇ ಕಾದಂಬರಿ ಎಂದಾಗುತ್ತದೆ. ಕಾಮಾ ತೆಗೆದರೆ, ಹಲವುಗಳಲ್ಲಿ ಅದೊಂದು. ಒಂದು ಕಾದಂಬರಿಯ ಲೇಖಕರಿಗೆ ಕಾಮಾ ಬೇಕು, ನಾಲ್ಕರವರಿಗೆ ಬೇಡ. ನೀವು ವಿಮರ್ಶೆ ಮಾಡುತ್ತಿರುವವರು ಎಷ್ಟು ಬರೆದಿದ್ದಾರೆ, ಮೊದಲು ಎಣಿಸಿಕೊಳ್ಳಿ.

ಇನ್ನು ಕೋಟ್ಸ್ ಪಕ್ಕದ ಕಾಮಾ. ಅಮೆರಿಕದವರು ಅದನ್ನು ಕೋಟ್ಸಿನ ಒಳಗೇ ತಳ್ಳುತ್ತಾರೆ. ಬ್ರಿಟಿಷ್ ಪದ್ಧತಿಯಲ್ಲಿ, ಅದು ಹೆಸರಿನ ಭಾಗವಲ್ಲದಿದ್ದರೆ ಹೊರಗೆ. ನನಗೆ ಎರಡನೆಯದೇ ಇಷ್ಟ, ಆದರೆ ಸಂಪಾದಕರು ನನ್ನ ಇಷ್ಟ ಕೇಳುವುದಿಲ್ಲ ಅಲ್ವಾ! ಹೆಸರೇ ಪ್ರಶ್ನೆ ಚಿಹ್ನೆಯಿಂದ ಮುಗಿದು, ವಾಕ್ಯವೂ ಅಲ್ಲೇ ಮುಗಿದರೆ ಮತ್ತೆ ಫುಲ್‌ಸ್ಟಾಪ್ ಬೇಡ. ಹೆಸರಿನ ನಡುವೆ 'ಈಸ್' ಇದ್ದರೆ ಅದರ ಮೊದಲಕ್ಷರ ಕ್ಯಾಪಿಟಲ್. ಎರಡೇ ಅಕ್ಷರ ಅಂತ ಸಣ್ಣದಾಗಿ ಬರೆಯುವವರು ಬಹಳ. ಅದು ಕ್ರಿಯಾಪದ, ಸಣ್ಣಕ್ಷರದಲ್ಲೇ ಉಳಿಯುವ 'ಆಫ್' ಜೊತೆ ಸೇರಿಸಬೇಡಿ.

ನಿಮ್ಮ ತಲೆಬರಹದ ಕೋಟ್ಸ್ ತೆಗೆದುಬಿಡಿ. ಪುಟದ ನೆತ್ತಿಯ ಮೇಲೆ ಒಂದೇ ನಿಂತಿದೆ, ಅದನ್ನು ಯಾವ ವಾಕ್ಯದಿಂದ ಬೇರೆ ಮಾಡಿ ತೋರಿಸಬೇಕು?