ಐರ್ಲೆಂಡಿನಿಂದ ಅಮೆರಿಕದ ಹಳ್ಳಿಗಾಡಿಗೆ ಹೋದ ಕ್ಯಾಥೊಲಿಕ್ ಪಾದ್ರಿಗಳ ಬದುಕು ಹೇಗಿತ್ತು?

ಒಂದೇ ಮಾತಿನಲ್ಲಿ ಹೇಳುವುದಾದರೆ, ಅಲೆದಾಟದ ಬದುಕು. 1842ರಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಆಲ್ ಹ್ಯಾಲೋಸ್ ಕಾಲೇಜು ಹೊರದೇಶಗಳಿಗೆಂದೇ ಪಾದ್ರಿಗಳನ್ನು ತಯಾರು ಮಾಡುತ್ತಿತ್ತು. ಅಲ್ಲಿಂದ ಬಂದ ತರುಣನಿಗೆ ಸಿಗುತ್ತಿದ್ದದ್ದು ಒಂದು ಚರ್ಚಲ್ಲ, ಮೈಲಿಗಟ್ಟಲೆ ಹುಲ್ಲುಗಾವಲು ಮತ್ತು ಒಂದು ಕುದುರೆ. ಚರ್ಚಿಲ್ಲದ ಕಡೆ ರೈತರ ಮನೆಯ ಮೇಜೇ ಪೂಜಾಪೀಠ.

ನನಗೆ ಅಚ್ಚರಿಯಾಗುವುದು ಉಪವಾಸದ ಕಟ್ಟಳೆ. ಆಗ ಪೂಜೆ ಅರ್ಪಿಸುವವರು ನಡುರಾತ್ರಿಯಿಂದ ಒಂದು ಹನಿ ನೀರನ್ನೂ ಕುಡಿಯುವಂತಿರಲಿಲ್ಲ. ಭಾನುವಾರ ಎರಡು ಊರುಗಳಲ್ಲಿ ಪೂಜೆಯಿದ್ದರೆ, ಮೊದಲನೆಯದನ್ನು ಮುಗಿಸಿ ಒಣಗಿದ ಗಂಟಲಿನಲ್ಲೇ ಕುದುರೆ ಏರಿ ಮುಂದಿನ ಊರಿಗೆ ಹೊರಡಬೇಕು. ನೀರಿಗೆ ವಿನಾಯಿತಿ ಸಿಕ್ಕಿದ್ದು 1953ರಲ್ಲಿ!

ಎಲ್ಲರೂ ಹಳ್ಳಿಯಲ್ಲೇ ಉಳಿಯಲಿಲ್ಲ. 1886ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಎಡ್ವರ್ಡ್ ಫ್ಲ್ಯಾನಗನ್ 1912ರಲ್ಲಿ ದೀಕ್ಷೆ ಪಡೆದು ನೆಬ್ರಾಸ್ಕಾದ ಓನೀಲ್ ಎಂಬ ಪುಟ್ಟ ಊರಿಗೆ ಸಹಾಯಕ ಪಾದ್ರಿಯಾಗಿ ಬಂದರು. ಐರಿಷ್ ವಲಸಿಗರೇ ಕಟ್ಟಿದ ಊರದು, ಹಾಗಾಗಿ ತವರಿನ ಉಚ್ಚಾರಣೆ ಅಲ್ಲಿ ಕಿವಿಗೆ ಹೊಸದೇನಲ್ಲ. ಆಮೇಲೆ ಒಮಾಹಾ ನಗರಕ್ಕೆ ಹೋಗಿ, ಸಾಲ ತಂದ 90 ಡಾಲರ್‌ಗಳಿಂದ 1917ರಲ್ಲಿ ದಿಕ್ಕಿಲ್ಲದ ಹುಡುಗರಿಗಾಗಿ ಒಂದು ಮನೆ ತೆರೆದರು. ಅದು 1921ರಲ್ಲಿ ನಗರದಾಚೆಯ ಹೊಲವೊಂದಕ್ಕೆ ಸ್ಥಳಾಂತರಗೊಂಡಿತು. ಅದೇ ಇಂದಿನ ಬಾಯ್ಸ್ ಟೌನ್.